ಬ್ಲಾಕ್ ಲಿಕರ್ ಪೈರೋಲಿಸಿಸ್: ಎಷ್ಟು ಡಿಗ್ರಿ ಅಂತ ಕೇಳೋ ಮೊದಲು ಹೇಗೆ ಕಾಯಿಸ್ತೀರಿ ಅಂತ ಹೇಳಿ

ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಶಿರಸಿ, ಕಾರವಾರ, ಹಳಿಯಾಳ ಕಡೆಯ ಹುಡುಗ್ರು ಹುಡುಗೀರಿಂದ ನಂಗೆ ಒಂದೇ ಪ್ರಶ್ನೆ ಬರ್ತದೆ, "ಸರ್, ಬ್ಲಾಕ್ ಲಿಕರ್ ಪೈರೋಲಿಸಿಸ್ ಎಷ್ಟು ಡಿಗ್ರಿಗೆ ಮಾಡ್ಬೇಕು?" ಅಂತ. ದಾಂಡೇಲಿಯಲ್ಲಿ 1950ರ ದಶಕದಿಂದ ಕಾಗದದ ಕಾರ್ಖಾನೆ ಇರೋದ್ರಿಂದ ನಮ್ಮ ಜಿಲ್ಲೆಯವ್ರಿಗೆ ಈ ಕಪ್ಪು ದ್ರಾವಣದ ಹೆಸರು ಹೊಸತಲ್ಲ, ಅದಕ್ಕೇ ಪ್ರಾಜೆಕ್ಟಿಗೂ ಇದನ್ನೇ ಆರಿಸ್ಕೊಳ್ತಾರೆ, ಒಳ್ಳೇದೇ. ಆದ್ರೆ ಬರೀ ಡಿಗ್ರಿ ಕೇಳಿದ್ರೆ ಉತ್ತರ ಇಲ್ಲ. 600 ಡಿಗ್ರಿಗೆ ಒಂದೂವರೆ ತಾಸಲ್ಲಿ ಮುಟ್ಟಿದ ಬ್ಲಾಕ್ ಲಿಕರ್ ಬೇರೆ, ಅದೇ 600ಕ್ಕೆ ಒಂದು ಸೆಕೆಂಡಿನ ಒಳಗೆ ಮುಟ್ಟಿದ್ದು ಬೇರೆ. ಉಳಿಯೋ ಇದ್ದಿಲು ಬೇರೆ, ಹೋಗೋ ಗ್ಯಾಸ್ ಬೇರೆ, ಗಂಧಕ ಎಲ್ಲಿಗೆ ಹೋಯ್ತು ಅನ್ನೋ ಲೆಕ್ಕನೂ ಬೇರೆ. ಕಾಯಿಸಿದ ರೀತಿ ಪೂರ್ತಿ ಬರೆದಿಲ್ಲ ಅಂದ್ರೆ ಆ ರಿಪೋರ್ಟಿನ ಒಂದು ಅಂಕಿಯನ್ನೂ ಇನ್ನೊಬ್ರು ಉಪಯೋಗಿಸೋಕೆ ಆಗೋದಿಲ್ಲ. ಹಾಗಾಗಿ ಪ್ರತಿ ಸಲ ಒಬ್ಬೊಬ್ರಿಗೆ ಫೋನಲ್ಲಿ ಹೇಳೋ ಬದ್ಲು ಒಂದೇ ಕಡೆ ಬರೆದಿಡ್ತಾ ಇದೀನಿ.

ಮೊದ್ಲು ಶಬ್ದಗಳು. ಬ್ಲಾಕ್ ಲಿಕರ್ ಅಂದ್ರೆ ಮರದ ಚಕ್ಕೆಗಳನ್ನ ಕಾಸ್ಟಿಕ್ ಸೋಡಾ ಮತ್ತೆ ಸೋಡಿಯಂ ಸಲ್ಫೈಡ್ ಜೊತೆ ಡೈಜೆಸ್ಟರ್ ಅನ್ನೋ ದೊಡ್ಡ ಕುಕ್ಕರಿನಲ್ಲಿ ಸುಮಾರು 160-170 ಡಿಗ್ರಿಗೆ ಬೇಯಿಸಿ, ನಾರು ಬೇರೆ ಮಾಡಿದ ಮೇಲೆ ಉಳಿಯೋ ಕಪ್ಪು ನೀರು. ಈ ವಿಧಾನಕ್ಕೆ ಕ್ರಾಫ್ಟ್ ಅಂತಾರೆ. ಮರದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈ ನೀರಿಗೇ ಬರ್ತದೆ, ಮುಖ್ಯವಾಗಿ ಲಿಗ್ನಿನ್ (ಮರದ ನಾರುಗಳನ್ನ ಅಂಟಿಸಿ ಹಿಡಿದಿರೋ ಅಂಟು), ಮತ್ತೆ ಸಕ್ಕರೆ ಜಾತಿಯ ಪದಾರ್ಥಗಳು ಒಡೆದು ಆದ ಆಮ್ಲಗಳ ಲವಣ. ಡೈಜೆಸ್ಟರಿಂದ ತೊಳೆದು ಬರುವಾಗ ಅದರಲ್ಲಿ ಘನಾಂಶ ಶೇ. 15ರ ಆಸುಪಾಸು, ಇವಾಪೊರೇಟರಿನಲ್ಲಿ ನೀರು ಇಂಗಿಸಿ ಶೇ. 65-80ರವರೆಗೆ ಗಟ್ಟಿ ಮಾಡಿ ರಿಕವರಿ ಬಾಯ್ಲರಿನಲ್ಲಿ ಸುಡ್ತಾರೆ. ಅಲ್ಲಿ ಹಬೆಯೂ ಸಿಗ್ತದೆ, ತಳದಲ್ಲಿ ಕರಗಿದ ಉಪ್ಪಾಗಿ (ಇದಕ್ಕೆ ಸ್ಮೆಲ್ಟ್ ಅಂತಾರೆ) ಕೆಮಿಕಲ್ಲೂ ವಾಪಸ್ ಸಿಗ್ತದೆ. 1930ರ ದಶಕದಲ್ಲಿ ಟಾಮ್ಲಿನ್ಸನ್ ಈ ಬಾಯ್ಲರಿಗೆ ಒಂದು ರೂಪ ಕೊಟ್ಟ ಮೇಲೇ ಕ್ರಾಫ್ಟ್ ವಿಧಾನ ಲೋಕದಲ್ಲೆಲ್ಲ ಗಟ್ಟಿಯಾಗಿ ನಿಂತಿದ್ದು.

ಪೈರೋಲಿಸಿಸ್ ಅಂದ್ರೆ ಆಮ್ಲಜನಕ ಕೊಡದೆ ಬರೀ ಬಿಸಿಯಿಂದ ಪದಾರ್ಥ ಒಡೆಯೋದು. ಬಾಯ್ಲರಿನಲ್ಲಿ ಸಿಂಪಡಿಸಿದ ಒಂದು ಹನಿ ಮೊದ್ಲು ಒಣಗ್ತದೆ, ಆಮೇಲೆ ಪೈರೋಲಿಸಿಸ್ ಆಗಿ ಆವಿ ಬಿಡ್ತದೆ, ಆಮೇಲೆ ಉಳಿದ ಇದ್ದಿಲು (ಚಾರ್) ಉರೀತದೆ, ಕೊನೆಗೆ ಸ್ಮೆಲ್ಟ್ ಆಗ್ತದೆ. ನಾವು ಲ್ಯಾಬಲ್ಲಿ ನೋಡೋದು ಆ ಎರಡನೇ ಹಂತ.

ಬೇಕಾಗೋದು ಏನೇನು: ಟಿಜಿಎ (ಕಾಯಿಸ್ತಾ ಕಾಯಿಸ್ತಾ ತೂಕ ಅಳೆಯೋ ಯಂತ್ರ) ಅಥವಾ ಪ್ರೋಗ್ರಾಂ ಮಾಡೋಕೆ ಬರೋ ಟ್ಯೂಬ್ ಫರ್ನೇಸ್, ಶುದ್ಧ ನೈಟ್ರೋಜನ್ ಸಿಲಿಂಡರ್, ಫ್ಲೋ ಮೀಟರ್, ಅಲ್ಯೂಮಿನಾ ಕ್ರೂಸಿಬಲ್‌ಗಳು (ಬಿಸಿ ತಡೆಯೋ ಪಿಂಗಾಣಿಯಂಥ ಪುಟ್ಟ ಬಟ್ಟಲು), ಡೆಸಿಕೇಟರ್ (ತೇವ ತಾಗದ ಹಾಗೆ ಇಡೋ ಮುಚ್ಚಳದ ಪಾತ್ರೆ), ಕಾಸ್ಟಿಕ್ ತುಂಬಿದ ಗ್ಯಾಸ್ ತೊಳೆಯೋ ಬಾಟ್ಲಿ, ಒಂದು ಖಾಲಿ ಬಾಟ್ಲಿ, ಕೆಲಸ ಮಾಡೋ ಫ್ಯೂಮ್ ಹುಡ್ (ಕೆಟ್ಟ ಗ್ಯಾಸನ್ನ ಹೊರಗೆ ಎಳೆಯೋ ಗೂಡು), ಮತ್ತೆ ಹೈಡ್ರೋಜನ್ ಸಲ್ಫೈಡ್ ಅಲಾರಾಂ. ಕೊನೆಯ ಎರಡು ಇಲ್ಲ ಅಂದ್ರೆ ದಯವಿಟ್ಟು ಈ ಪ್ರಾಜೆಕ್ಟ್ ಮಾಡ್ಬೇಡಿ, ಬೇರೆ ವಿಷಯ ತಗೊಳ್ಳಿ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಹೊಡೀತದೆ, ಆದ್ರೆ ಸುಮಾರು 100 ಪಿಪಿಎಂ ಮುಟ್ಟಿದ್ರೆ ಮೂಗೇ ಸತ್ತು ಹೋಗ್ತದೆ, ವಾಸನೆ ನಿಂತಿತು ಅಂತ ನೀವು ಸಮಾಧಾನ ಮಾಡ್ಕೊಳ್ಳೋ ಹೊತ್ತಿಗೆ ಅಪಾಯ ಜಾಸ್ತಿ ಆಗಿರ್ತದೆ.

1. ಮಾದರಿ ತರೋದು, ಇಡೋದು

ಮಿಲ್ಲಿಂದ ಅನುಮತಿ ತಗೊಂಡು ತರ್ತೀರಿ, ಸರಿ. ಯಾವ ಹಂತದ ಲಿಕರ್ ಅಂತ ಕೇಳಿ ಬರ್ಕೊಳ್ಳಿ. ತೆಳು ಲಿಕರಾ, ಇವಾಪೊರೇಟರ್ ಆದ ಮೇಲಿನ ಗಟ್ಟಿ ಲಿಕರಾ, ಬೂದಿ ಬೆರೆಸಿದ ಮೇಲಿನದಾ? ಬಾಯ್ಲರಿನ ಹಾರುಬೂದಿಯನ್ನ ವಾಪಸ್ ಲಿಕರಿಗೇ ಬೆರೆಸ್ತಾರೆ, ಅದರಲ್ಲಿ ಸೋಡಿಯಂ ಸಲ್ಫೇಟ್ ಜಾಸ್ತಿ, ಅಲ್ಲಿಂದ ತಂದ್ರೆ ನಿಮ್ಮ ಗಂಧಕದ ಲೆಕ್ಕವೇ ಬದಲಾಗ್ತದೆ. ಯಾವ ಮರ ಬೇಯಿಸಿದ್ದು ಅಂತಾನೂ ಕೇಳಿ. ನೀಲಗಿರಿ, ಅಕೇಶಿಯಾ, ಗಾಳಿಮರ ಒಂದು ಥರ, ಬಿದಿರು ಬೆರೆತ್ರೆ ಸಿಲಿಕಾ (ಮರಳಿನ ಅಂಶ) ಬರ್ತದೆ, ಸಿಲಿಕಾ ಇದ್ರೆ ಲಿಕರ್ ಜಾಸ್ತಿ ಮಂದ ಆಗ್ತದೆ, ಕಾಯಿಸಿದಾಗ ಉಬ್ಬೋ ರೀತಿನೂ ಬೇರೆ ಆಗ್ತದೆ.

ಅರ್ಧಕ್ಕರ್ಧ ಘನಾಂಶ ಇರೋ ಲಿಕರ್ ನೋಡೋಕೆ ಥೇಟ್ ನಮ್ಮ ಜೋನಿ ಬೆಲ್ಲ. ಅದನ್ನ ದಪ್ಪ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಬಾಯಿತನಕ ತುಂಬಿ, ಮೇಲೆ ಗಾಳಿ ಉಳಿಯದ ಹಾಗೆ ಮುಚ್ಚಿ, ಫ್ರಿಜ್ಜಲ್ಲಿ ಇಡಿ. ಗಾಳಿ ತಾಗಿದ್ರೆ ಸಲ್ಫೈಡ್ ಎಲ್ಲ ಥಯೋಸಲ್ಫೇಟ್ ಆಗ್ತಾ ಹೋಗ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಇಳೀತದೆ, ಪಿಎಚ್ ಇಳಿದ್ರೆ ಲಿಗ್ನಿನ್ ತಳಕ್ಕೆ ಕೂರ್ತದೆ. ಜನವರಿಯಲ್ಲಿ ತಂದ ಬಾಟ್ಲಿಯಿಂದ ಏಪ್ರಿಲ್‌ನಲ್ಲಿ ತೆಗೆದು "ರಿಪೀಟ್ ಮಾಡಿದೆ, ಮ್ಯಾಚ್ ಆಗ್ತಿಲ್ಲ" ಅಂತ ತಲೆ ಕೆಡಿಸ್ಕೊಂಡವ್ರನ್ನ ನೋಡಿದೀನಿ, ಅದು ಬೇರೆಯೇ ಪದಾರ್ಥ ಆಗಿರ್ತದೆ ಮಾರಾಯ್ರೇ. ಮತ್ತೆ ಯಾವ ಕಾರಣಕ್ಕೂ ಇದಕ್ಕೆ ಆಸಿಡ್ ಹಾಕ್ಬೇಡಿ, ಹಾಕಿದ ತಕ್ಷಣ ಹೈಡ್ರೋಜನ್ ಸಲ್ಫೈಡ್ ಏಳ್ತದೆ.

2. ಒಣಗಿಸೋದು

105 ಡಿಗ್ರಿ ಓವನ್ನಿನಲ್ಲಿ ತೂಕ ನಿಲ್ಲೋತನಕ ಒಣಗಿಸಿ ಘನಾಂಶ ಕಂಡು ಹಿಡೀರಿ, ಟ್ಯಾಪಿ ಅನ್ನೋ ಕಾಗದ ಉದ್ಯಮದ ಸಂಸ್ಥೆಯ ಟಿ 650 ಅನ್ನೋ ವಿಧಾನ ಇದಕ್ಕೇ ಇರೋದು. ದಪ್ಪ ಪದರ ಹಾಕಿದ್ರೆ ಮೇಲೆ ಕೆನೆ ಕಟ್ಟಿ ಒಳಗಿನ ನೀರು ಹೊರಗೆ ಬರೋದೇ ಇಲ್ಲ, ತೆಳ್ಳಗೆ ಹರಡಿ.

ಅಲ್ಯೂಮಿನಿಯಂ ತಟ್ಟೆ, ಅಲ್ಯೂಮಿನಿಯಂ ಫಾಯಿಲ್ ಮುಟ್ಬೇಡಿ. ಕಾಸ್ಟಿಕ್ಕು ಅಲ್ಯೂಮಿನಿಯಂನ ತಿಂದು ಹೈಡ್ರೋಜನ್ ಬಿಡ್ತದೆ, ಫಾಯಿಲ್ ತೂತು ಬಿದ್ದು ಲಿಕರ್ ಓವನ್ ತಳಕ್ಕೆ ಸೋರಿದ್ದನ್ನ ಕೆರೆದು ತೆಗೆಯೋ ಕೆಲಸ ಯಾರಿಗೂ ಬೇಡ. ಟಿಜಿಎ ಜೊತೆ ಬರೋ ಅಲ್ಯೂಮಿನಿಯಂ ಪ್ಯಾನ್ ಕೂಡಾ ಬೇಡ, ಅದು ಹೇಗೂ 660 ಡಿಗ್ರಿಗೆ ಕರಗ್ತದೆ.

ಇನ್ನು ನಮ್ಮ ಕರಾವಳಿಯವ್ರಿಗೆ ಜಾಸ್ತಿ ಇರೋ ತೊಂದ್ರೆ. ಒಣಗಿಸಿ ಪುಡಿ ಮಾಡಿದ ಲಿಕರ್ ತೇವ ಎಳೆಯೋದ್ರಲ್ಲಿ ಮಳೆಗಾಲದ ಉಪ್ಪಿನ ಹಾಗೆ. ಒಂದು ಆಷಾಢದಲ್ಲಿ ಕಾರವಾರದಲ್ಲಿ ಕೂತು ತೂಕ ಮಾಡ್ತಾ ಇದ್ದೆ, ಪುಡಿ ತಕ್ಕಡಿ ಮೇಲಿಟ್ಟು ನೋಡ್ತಾ ಇದ್ದ ಹಾಗೇ ಕೊನೆಯ ಅಂಕಿ ಮೇಲೆ ಮೇಲೆ ಹೋಗ್ತಾ ಇತ್ತು, ನಿಲ್ಲೋದೇ ಇಲ್ಲ, ಹತ್ತು ನಿಮಿಷ ಬಿಟ್ಟು ನೋಡಿದ್ರೆ ಪುಡಿ ಅಂಟಂಟಾಗಿ ಚಮಚಕ್ಕೆ ಹತ್ಕೊಂಡಿತ್ತು. ಆವತ್ತಿನ ಎಲ್ಲ ರನ್ನುಗಳಲ್ಲೂ "ಮೊದಲ ಹಂತದ ತೂಕ ನಷ್ಟ" ಅಂತ ಕಂಡಿದ್ದು ಬರೀ ಕಾರವಾರದ ಗಾಳಿಯ ನೀರು. ಹಾಗಾಗಿ ಪುಡಿಯನ್ನ ಡೆಸಿಕೇಟರಿನಲ್ಲೇ ಇಟ್ಟು, ಬೇಕಾದಷ್ಟನ್ನೇ ತೆಗೆದು, ಟಿಜಿಎ ಒಳಗೆ ಹಾಕಿದ ಮೇಲೆ ನೈಟ್ರೋಜನ್ನಿನಲ್ಲಿ 105 ಡಿಗ್ರಿಗೆ ಒಂದು ಇಪ್ಪತ್ತು ಮೂವತ್ತು ನಿಮಿಷ ನಿಲ್ಲಿಸಿ, ಅಲ್ಲಿ ತೂಕ ನಿಂತ ಜಾಗವನ್ನೇ ನೂರು ಪರ್ಸೆಂಟ್ ಅಂತ ಹಿಡೀರಿ. ಶಿರಸಿಯಲ್ಲೂ ಮಳೆಗಾಲದಲ್ಲಿ ಇದೇ ಕಥೆ.

3. ಪಾತ್ರೆ ಆರಿಸೋದು

ಗಟ್ಟಿ, ರಂಧ್ರ ಇಲ್ಲದ ಅಲ್ಯೂಮಿನಾ ಕ್ರೂಸಿಬಲ್ ಸಾಕು, ಅದೂ ಸವೀತದೆ, ಸವೀಲಿ, ಬಿಸಾಡೋ ಸಾಮಾನು ಅಂತಾನೇ ಲೆಕ್ಕ ಹಾಕಿ. ಪ್ಲಾಟಿನಂ ಪ್ಯಾನ್ ಇದೆ ಅಂತ ಆಸೆ ಬೀಳ್ಬೇಡಿ, ಆಮ್ಲಜನಕ ಇಲ್ಲದ ಕಡೆ ಸಲ್ಫೈಡ್ ಮತ್ತೆ ಸೋಡಿಯಂ ಎರಡೂ ಸೇರಿ ಅದನ್ನ ಹಾಳು ಮಾಡ್ತವೆ. ನಿಕ್ಕಲ್ ಕೂಡಾ ಗಂಧಕದ ಜೊತೆ ಸೇರಿ 650ಕ್ಕೂ ಕೆಳಗೇ ಕರಗೋ ಮಿಶ್ರಣ ಆಗ್ತದೆ. ಕ್ವಾರ್ಟ್ಜ್ ಟ್ಯೂಬ್ ಕಡಿಮೆ ಬಿಸಿಗೆ ಪರವಾಗಿಲ್ಲ, ಆದ್ರೆ 800ರ ಮೇಲೆ ಸೋಡಿಯಂ ಕಾರ್ಬೊನೇಟ್ ಸಿಲಿಕಾ ಜೊತೆ ಸೇರಿ ಗಾಜಾಗ್ತದೆ, ಟ್ಯೂಬ್ ಬೆಳ್ಳಗೆ ಮಸುಕಾಗಿ ಆಮೇಲೆ ಬಿರೀತದೆ.

ಕ್ರೂಸಿಬಲ್ ತುಂಬಬೇಡಿ. ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹಾಕಿದ್ರೆ ಉಬ್ಬಿ ಹೊರಗೆ ಬಂದು ತಕ್ಕಡಿಯ ಕೊಕ್ಕೆಗೆ ಅಂಟ್ಕೊಳ್ತದೆ. ಉಬ್ಬೋ ವಿಷಯ ಮುಂದೆ ಬರ್ತದೆ.

4. ಗಾಳಿ ಓಡಿಸೋದು

ಕಾಯಿಸೋ ಮೊದ್ಲು ನೈಟ್ರೋಜನ್ ಕನಿಷ್ಠ ಅರ್ಧ ತಾಸು ಹರಿಸಿ. ಸೋಡಿಯಂ ಇರೋ ಇದ್ದಿಲಿಗೆ ಆಮ್ಲಜನಕ ಅಂದ್ರೆ ಬಹಳ ಪ್ರೀತಿ, ಸೋಡಿಯಂ ಇಲ್ಲಿ ಕ್ಯಾಟಲಿಸ್ಟ್ (ಕ್ರಿಯೆ ವೇಗ ಮಾಡೋ ಪದಾರ್ಥ) ಥರ ಕೆಲಸ ಮಾಡ್ತದೆ, ಹಾಗಾಗಿ ಮಾಮೂಲಿ ಕಟ್ಟಿಗೆ ಇದ್ದಿಲಿಗಿಂತ ಕಡಿಮೆ ಬಿಸಿಗೇ ಉರಿಯೋಕೆ ಶುರು ಮಾಡ್ತದೆ. ಸಣ್ಣ ಲೀಕ್ ಇದ್ರೂ ನೀವು ಪೈರೋಲಿಸಿಸ್ ಅಂದ್ಕೊಂಡು ಅಳೆದಿದ್ದು ಸುಡೋದನ್ನೇ ಆಗಿರ್ತದೆ. ಪರೀಕ್ಷೆ ಸುಲಭ ಇದೆ: ಸ್ವಲ್ಪ ಮರದ ಇದ್ದಿಲಿನ ಪುಡಿ ಹಾಕಿ ನೈಟ್ರೋಜನ್ನಿನಲ್ಲಿ 600ಕ್ಕೆ ನಿಲ್ಲಿಸಿ, ತೇವ ಮತ್ತೆ ಉಳಿದ ಆವಿ ಹೋದ ಮೇಲೂ ತೂಕ ಒಂದೇ ಸಮ ಇಳೀತಾ ಇದ್ರೆ ಗಾಳಿ ಒಳಗೆ ಬರ್ತಾ ಇದೆ ಅಂತ ಅರ್ಥ.

ಹೊರಗೆ ಹೋಗೋ ಗ್ಯಾಸನ್ನ ಕಾಸ್ಟಿಕ್ ಬಾಟ್ಲಿ ಮೂಲಕ ಹುಡ್ಡಿಗೆ ಬಿಡಿ. ಈ ಮಾತು ಮಾತ್ರ ಎರಡು ಸಲ ಓದಿ: ಫರ್ನೇಸಿಗೂ ಕಾಸ್ಟಿಕ್ ಬಾಟ್ಲಿಗೂ ನಡುವೆ ಒಂದು ಖಾಲಿ ಬಾಟ್ಲಿ ಇರ್ಲೇಬೇಕು. ಫರ್ನೇಸ್ ತಣಿಯುವಾಗ ಒಳಗಿನ ಗ್ಯಾಸ್ ಕುಗ್ಗಿ, ಅದೇ ಹೊತ್ತಿಗೆ ಸಿಲಿಂಡರ್ ಖಾಲಿ ಆಗಿದ್ರೆ, ಬಾಟ್ಲಿಯ ನೀರು ಹಿಂದಕ್ಕೆ ಬಿಸಿ ಟ್ಯೂಬಿನೊಳಗೆ ಎಳ್ಕೊಳ್ತದೆ. ಕರಗಿದ ಉಪ್ಪಿಗೆ ನೀರು ಬಿದ್ರೆ ಸ್ಫೋಟ ಆಗ್ತದೆ, ರಿಕವರಿ ಬಾಯ್ಲರಿನವ್ರು ರಾತ್ರಿ ನಿದ್ದೆಯಲ್ಲೂ ಹೆದರೋದು ಇದೊಂದಕ್ಕೇ. ನಿಮ್ಮ ಟ್ಯೂಬ್ ಸಣ್ಣದಿರಬಹುದು, ಆದ್ರೆ ನಿಮ್ಮ ಮುಖ ಅದರ ಹತ್ರವೇ ಇರ್ತದೆ.

5. ಕಾಯಿಸೋ ವೇಗ

ಇದೇ ಎಲ್ಲದಕ್ಕಿಂತ ಮುಖ್ಯ, ಇಲ್ಲೇ ಎಲ್ರೂ ಅವಸರ ಮಾಡೋದು. ಕಾಯಿಸೋ ವೇಗ ಅಂದ್ರೆ ನಿಮಿಷಕ್ಕೆ ಎಷ್ಟು ಡಿಗ್ರಿ ಏರಿಸ್ತೀರಿ ಅಂತ. 25ರಿಂದ 800ಕ್ಕೆ ಹೋಗೋಕೆ ನಿಮಿಷಕ್ಕೆ 5 ಡಿಗ್ರಿ ಆದ್ರೆ 155 ನಿಮಿಷ, 10 ಆದ್ರೆ 77 ಚಿಲ್ರೆ, 20 ಆದ್ರೆ 39ರ ಹತ್ರ, 40 ಆದ್ರೆ 19 ಚಿಲ್ರೆ. ಬಾಯ್ಲರಿನಲ್ಲಿ ಎರಡು ಮೂರು ಮಿಲಿಮೀಟರಿನ ಹನಿ ಇದೇ ದಾರಿಯನ್ನ ಕೆಲವೇ ಸೆಕೆಂಡಲ್ಲಿ ಮುಗಿಸ್ತದೆ. ಅಂದ್ರೆ ಟಿಜಿಎಯಲ್ಲಿ ನೋಡಿದ್ದನ್ನ ನೇರವಾಗಿ "ಬಾಯ್ಲರಿನಲ್ಲಿ ಹೀಗೇ ಆಗ್ತದೆ" ಅಂತ ಬರೆದ್ರೆ ಅದು ತಪ್ಪು, ಪರೀಕ್ಷೆಗೆ ಬಂದವ್ರು ಮೊದಲ ಪ್ರಶ್ನೆಯನ್ನೇ ಇಲ್ಲಿಂದ ಎತ್ತುತ್ತಾರೆ. ವೇಗದ ಪೈರೋಲಿಸಿಸ್ ನೋಡ್ಲೇಬೇಕು ಅಂದ್ರೆ ಡ್ರಾಪ್ ಟ್ಯೂಬ್ (ಮೊದಲೇ ಕಾದ ಉದ್ದ ಕೊಳವೆಯೊಳಗೆ ಪುಡಿ ಉದುರಿಸೋದು) ಅಥವಾ ಕಾದ ಫರ್ನೇಸಿಗೆ ಒಂದೇ ಹನಿಯನ್ನ ತಂತಿಯಲ್ಲಿ ನೇತುಹಾಕಿ ಇಳಿಸೋ ವ್ಯವಸ್ಥೆ ಬೇಕು.

ಮನೆಯಲ್ಲೇ ಇದರ ಹೋಲಿಕೆ ಇದೆ. ಕುಮಟಾ ಅಂಕೋಲಾ ಕಡೆ ಗೇರುಬೀಜ ಸುಟ್ಟವ್ರಿಗೆ ಗೊತ್ತು, ಜೋರು ಉರಿಗೆ ಹಾಕಿದ್ರೆ ಎಣ್ಣೆ ಚಿಮ್ಮಿ ಹೊರಗೆ ಹಾರ್ತದೆ, ಹತ್ತಿ ಉರೀತದೆ, ಸಿಪ್ಪೆ ಬೇಗ ಹಗುರ ಆಗ್ತದೆ. ಕೆಂಡದ ಬದಿಗೆ ಸುಮ್ನೆ ಇಟ್ರೆ ಅದೇ ಎಣ್ಣೆ ಸಿಪ್ಪೆಯಲ್ಲೇ ಇಂಗಿ ಕರಕಲಾಗ್ತದೆ. ಲಿಗ್ನಿನ್ ಕೂಡಾ ಹಾಗೇ. ನಿಧಾನ ಕಾಯಿಸಿದ್ರೆ ಒಡೆದ ತುಂಡುಗಳು ಹೊರಗೆ ಹೋಗೋ ಮೊದ್ಲೇ ಒಂದಕ್ಕೊಂದು ಅಂಟ್ಕೊಂಡು ಇದ್ದಿಲಾಗ್ತವೆ, ಹಾಗಾಗಿ ಇದ್ದಿಲು ಜಾಸ್ತಿ. ಜೋರಾಗಿ ಕಾಯಿಸಿದ್ರೆ ತುಂಡುಗಳು ಆವಿಯಾಗಿ ಹಾರಿ ಹೋಗ್ತವೆ, ಇದ್ದಿಲು ಕಡಿಮೆ, ಟಾರ್ (ಆವಿ ತಣಿದಾಗ ಸಿಗೋ ಡಾಂಬರಿನಂಥ ಅಂಟು ದ್ರವ) ಮತ್ತೆ ಗ್ಯಾಸ್ ಜಾಸ್ತಿ.

ಟಿಜಿಎಯಲ್ಲಿ ಕನಿಷ್ಠ ಮೂರು ವೇಗ ಮಾಡಿ, ನಾಲ್ಕಾದ್ರೆ ಒಳ್ಳೇದು: 5, 10, 20, 40. ವೇಗ ಏರಿಸಿದ ಹಾಗೆ ತೂಕ ಇಳಿಯೋ ಶಿಖರ (ಅತಿ ಜೋರಾಗಿ ತೂಕ ಹೋಗೋ ತಾಪ) ಬಲಕ್ಕೆ, ಅಂದ್ರೆ ಜಾಸ್ತಿ ಡಿಗ್ರಿ ಕಡೆ ಸರೀತದೆ. ಇದರಲ್ಲಿ ಎರಡು ಕಾರಣ ಬೆರೆತಿರ್ತವೆ, ಜನ ಒಂದನ್ನೇ ಬರೀತಾರೆ. ಒಂದು ನಿಜವಾದ ರಸಾಯನ, ಕ್ರಿಯೆಗೆ ಸಮಯ ಸಿಗದೆ ಮುಂದಿನ ಡಿಗ್ರಿಗೆ ಹೋಗಿಬಿಡ್ತದೆ. ಇನ್ನೊಂದು ಬರೀ ಬಿಸಿ ಹಿಂದೆ ಬೀಳೋದು, ಥರ್ಮೋಕಪಲ್ (ಬಿಸಿ ಅಳೆಯೋ ತಂತಿ) 400 ತೋರಿಸುವಾಗ ಮಾದರಿಯ ನಡುಭಾಗ ಇನ್ನೂ ಹಿಂದೆಯೇ ಇರ್ತದೆ. ಎರಡನ್ನ ಬೇರೆ ಮಾಡ್ಬೇಕು ಅಂದ್ರೆ ಒಂದೇ ವೇಗದಲ್ಲಿ 5, 10, 20 ಮಿಲಿಗ್ರಾಂ ಹಾಕಿ ನೋಡಿ. ತೂಕ ಬದಲಿಸಿದ್ರೆ ಶಿಖರ ಸರಿದ್ರೆ ಅದು ಬಿಸಿ ಹಿಂದೆ ಬಿದ್ದಿದ್ದು, ಮಾದರಿ ಇನ್ನೂ ಕಡಿಮೆ ಮಾಡಿ. ಶಿರಸಿ ಕಡೆ ತೊಡದೇವು ಮಾಡುವಾಗ ಮಗುಚಿಟ್ಟ ಮಡಕೆ ಮೇಲೆ ಹಿಟ್ಟನ್ನ ಬಟ್ಟೆಯಲ್ಲಿ ಎಷ್ಟು ತೆಳ್ಳಗೆ ಎಳೀತಾರೆ ನೋಡಿ, ಅಷ್ಟು ತೆಳುವಾದ್ರೆ ಮಾತ್ರ ಎಲ್ಲ ಕಡೆ ಒಂದೇ ಸಲ ಬೇಯೋದು.

ಡಿಗ್ರಿ ಓದೋದು ಸರಿ ಇದೆಯಾ ಅಂತ ಮೊದ್ಲೇ ನೋಡ್ಕೊಳ್ಳಿ. ಇಂಡಿಯಂ 156.6ಕ್ಕೆ, ಸತು 419.5ಕ್ಕೆ ಕರಗ್ತದೆ, ಯಂತ್ರದಲ್ಲಿ ಕರಗೋ ಬಿಂದು ಕಾಣೋ ಸೌಲಭ್ಯ ಇದ್ರೆ ಇವೆರಡು ಸಾಕು. ಇದನ್ನ ನೀವು ಉಪಯೋಗಿಸೋ ಪ್ರತಿ ವೇಗದಲ್ಲೂ ಮಾಡ್ಬೇಕು, ಒಂದೇ ವೇಗದಲ್ಲಿ ಮಾಡಿ ಉಳಿದದ್ದಕ್ಕೆ ಅಂದಾಜು ಹಚ್ಚೋದು ಬೇಡ. ಖಾಲಿ ಕ್ರೂಸಿಬಲ್ ಹಾಕಿ ಅದೇ ಪ್ರೋಗ್ರಾಂ ಓಡಿಸಿ, ಬಂದ ತೂಕದ ಏರಿಳಿತವನ್ನ ಕಳೀರಿ, ಯಾಕಂದ್ರೆ ಗ್ಯಾಸ್ ಬಿಸಿಯಾಗಿ ಹಗುರ ಆದಾಗ ತಕ್ಕಡಿ ತಾನಾಗೇ ಸ್ವಲ್ಪ ಬದಲಾಗ್ತದೆ.

6. ಕೊನೆಯ ತಾಪ: ಯಾವ ಡಿಗ್ರಿಯಲ್ಲಿ ಏನು ಆಗ್ತದೆ

150-200ರ ತನಕ ನೀರು. ಲಿಕರ್ ಗಟ್ಟಿ ಆದಷ್ಟೂ ನೂರಕ್ಕಿಂತ ಮೇಲೆ ಕುದೀತದೆ, ಹಾಗಾಗಿ ಒದ್ದೆ ಲಿಕರ್ ಹಾಕಿದವ್ರು ನೂರು ದಾಟಿದ ತಕ್ಷಣ ನೀರು ಮುಗೀತು ಅಂದ್ಕೋಬಾರ್ದು.

200ರಿಂದ 550ರ ನಡುವೆ ಮುಖ್ಯ ಒಡೆತ. ಮೊದ್ಲು ಸಕ್ಕರೆ ಆಮ್ಲಗಳು ಮತ್ತೆ ಲಿಗ್ನಿನ್ನಿನ ಬದಿಯ ಸರಪಳಿಗಳು, ಆಮೇಲೆ ಲಿಗ್ನಿನ್ನಿನ ಬೆನ್ನೆಲುಬು. ಟಾರಿನಲ್ಲಿ ಫೀನಾಲ್ ಜಾತಿಯ ವಸ್ತುಗಳು, ಹೊಗೆಯಾಡಿಸಿದ ವಾಸನೆ. ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡ್, ಮೋನಾಕ್ಸೈಡ್, ಮೀಥೇನ್, ನೀರಾವಿ.

ಗಂಧಕದ ನಡತೆ ಇಲ್ಲಿ ತುಂಬಾ ವಿಚಿತ್ರ. ಲಿಗ್ನಿನ್ನಿನಲ್ಲಿರೋ ಮೆಥಾಕ್ಸಿಲ್ ಅನ್ನೋ ಗುಂಪಿನಿಂದ ಮೀಥೈಲ್ ಕಿತ್ಕೊಂಡು ಮೀಥೈಲ್ ಮರ್ಕಾಪ್ಟಾನ್, ಡೈಮೀಥೈಲ್ ಸಲ್ಫೈಡ್ ಆಗಿ ಹೋಗ್ತದೆ, ಕಾಗದದ ಮಿಲ್ಲಿನ ಹತ್ರ ಬಸ್ಸಲ್ಲಿ ಹೋಗುವಾಗ ಬರೋ ಕೊಳೆತ ಕೋಸಿನ ವಾಸನೆ ಇದೇ ಗುಂಪಿನದ್ದು. ಇದರ ಜೊತೆ ಹೈಡ್ರೋಜನ್ ಸಲ್ಫೈಡ್. ವೇಗದ ಪೈರೋಲಿಸಿಸ್ಸಿನಲ್ಲಿ ತಾಪ ಏರಿಸಿದ ಹಾಗೆ ಗಂಧಕ ಹೋಗೋದು ಏರ್ತಾ ಏರ್ತಾ 500-600 ಡಿಗ್ರಿ ಹತ್ರ ಅತಿ ಜಾಸ್ತಿ ಆಗ್ತದೆ, ಅಲ್ಲಿಂದ ಮೇಲೆ ಕಡಿಮೆ ಆಗ್ತದೆ! ತುಂಬಾ ಜನ ಇದನ್ನ ನೋಡಿ ತಮ್ಮ ಅಳತೆ ತಪ್ಪು ಅಂದ್ಕೊಂಡು ಆ ಬಿಂದುವನ್ನೇ ಗ್ರಾಫಿಂದ ತೆಗೆದುಬಿಡ್ತಾರೆ, ತೆಗೀಬೇಡಿ. ಬಿಸಿ ಜಾಸ್ತಿ ಆದಾಗ ಹೊರಟ ಹೈಡ್ರೋಜನ್ ಸಲ್ಫೈಡನ್ನ ಸೋಡಿಯಂ ಕಾರ್ಬೊನೇಟ್ ಹಿಡಿದು ಸೋಡಿಯಂ ಸಲ್ಫೈಡ್ ಮಾಡ್ಕೊಳ್ತದೆ, ಗಂಧಕ ವಾಪಸ್ ಉಪ್ಪಿಗೇ ಬರ್ತದೆ. ಬಾಯ್ಲರಿನ ತಳ ಬಿಸಿ ಇಟ್ಕೊಂಡ್ರೆ ಗಂಧಕದ ಹೊಗೆ ಕಡಿಮೆ ಅಂತ ಹೇಳೋದ್ರ ಹಿಂದೆ ಇರೋದೂ ಇದೇ.

ಆದ್ರೆ ಇದು ನಿಮ್ಮ ಟಿಜಿಎಯಲ್ಲಿ ಕಾಣೋದಿಲ್ಲ. ನಿಮಿಷಕ್ಕೆ 10 ಡಿಗ್ರಿ ಅಂದ್ರೆ 300ರಿಂದ 600ಕ್ಕೆ ಹೋಗೋಕೆ ಅರ್ಧ ತಾಸು, ಅಷ್ಟು ಹೊತ್ತು ಗಂಧಕದ ಗ್ಯಾಸ್ ಹೊರಟಿದ್ದನ್ನ ನೈಟ್ರೋಜನ್ ಎಳ್ಕೊಂಡು ಹೋಗಿರ್ತದೆ, 800ಕ್ಕೆ ಬಂದಾಗ ಕಾರ್ಬೊನೇಟಿಗೆ ಹಿಡಿಯೋಕೆ ಏನೂ ಉಳಿದಿರೋದಿಲ್ಲ. ಡಿಗ್ರಿ ಒಂದೇ, ದಾರಿ ಬೇರೆ, ಗಂಧಕದ ಲೆಕ್ಕ ಪೂರ್ತಿ ಬೇರೆ.

700-750 ದಾಟಿದ ಮೇಲೆ ಇನ್ನೊಂದು ಬಲೆ ಇದೆ. ತೂಕ ಮತ್ತೆ ಜೋರಾಗಿ ಇಳಿಯೋಕೆ ಶುರು ಆಗ್ತದೆ. ಇದನ್ನ "ಲಿಗ್ನಿನ್ನಿನ ಎರಡನೇ ಹಂತದ ವಿಘಟನೆ" ಅಂತ ಬರೆದ ರಿಪೋರ್ಟುಗಳನ್ನ ನಾನು ಎಷ್ಟು ಓದಿದೀನೋ ಲೆಕ್ಕ ಇಲ್ಲ. ಅದಲ್ಲ. ಇದ್ದಿಲಿನ ಇಂಗಾಲ ಸೋಡಿಯಂ ಕಾರ್ಬೊನೇಟಿನ ಜೊತೆ ಸೇರಿ ಕಾರ್ಬನ್ ಮೋನಾಕ್ಸೈಡ್ ಮತ್ತೆ ಸೋಡಿಯಂ ಆವಿ ಆಗ್ತಾ ಇದೆ. ಒಂದು ಕಾರ್ಬೊನೇಟಿಗೆ ಎರಡು ಇಂಗಾಲ ಸೇರಿ ಎರಡು ಸೋಡಿಯಂ, ಮೂರು ಮೋನಾಕ್ಸೈಡ್. ಖಾತ್ರಿ ಮಾಡ್ಕೊಳ್ಳೋಕೆ 650ಕ್ಕೆ ನಿಲ್ಲಿಸಿದ ಇದ್ದಿಲು ಮತ್ತೆ 900ಕ್ಕೆ ಹೋದ ಇದ್ದಿಲು ಎರಡನ್ನೂ ನೀರಲ್ಲಿ ತೊಳೆದು, ಆ ತೊಳೆದ ನೀರಿನ ಸೋಡಿಯಂನ ಫ್ಲೇಮ್ ಫೋಟೋಮೀಟರಿನಲ್ಲಿ ಅಳೀರಿ, ಎರಡನೇದರಲ್ಲಿ ಕಡಿಮೆ ಬರ್ತದೆ. ಈ ಸೋಡಿಯಂ ಆವಿ ಟಿಜಿಎಯ ಪ್ಲಾಟಿನಂ ತಂತಿಗೆ, ಥರ್ಮೋಕಪಲ್ಲಿಗೆ ಶತ್ರು. ಹತ್ತು ಕಾಲೇಜಿನವ್ರು ಹಂಚ್ಕೊಂಡು ಉಪಯೋಗಿಸೋ ಯಂತ್ರದಲ್ಲಿ 700ರ ಮೇಲೆ ಹೋಗೋ ಮೊದ್ಲು ಅದನ್ನ ನೋಡ್ಕೊಳ್ಳೋವ್ರಿಗೆ ಹೇಳಿ, ಮುಚ್ಚಿಟ್ಟು ಮಾಡ್ಬೇಡಿ.

ಕರಗೋ ವಿಷಯ: ಶುದ್ಧ ಸೋಡಿಯಂ ಕಾರ್ಬೊನೇಟ್ 850 ಡಿಗ್ರಿ ದಾಟಿ ಕರಗ್ತದೆ, ಸಲ್ಫೈಡ್ ಬೆರೆತ್ರೆ 760ರ ಹತ್ರಕ್ಕೆ ಇಳೀತದೆ, ಪೊಟ್ಯಾಸಿಯಂ ಮತ್ತೆ ಕ್ಲೋರೈಡ್ ಇದ್ರೆ ಇನ್ನೂ ಕೆಳಗೆ. ಕರಗಿದ ಮೇಲೆ ಇದ್ದಿಲಿನ ರಂಧ್ರಗಳು ಮುಚ್ಚಿ ಹೋಗ್ತವೆ. ಮೇಲ್ಮೈ ಅಳೀಬೇಕು ಅನ್ನೋವ್ರು ಇದನ್ನ ನೆನಪಿಡಿ.

ಎಷ್ಟು ಹೊತ್ತು ನಿಲ್ಲಿಸಿದ್ರಿ ಅಂತಾನೂ ಬರೀರಿ. 600ಕ್ಕೆ ಮುಟ್ಟಿದ ತಕ್ಷಣ ತಣಿಸಿದ್ದು, 600ಕ್ಕೆ ಒಂದು ತಾಸು ಇಟ್ಟಿದ್ದು, ಎರಡು ಬೇರೆ ಬೇರೆ ಪ್ರಯೋಗ.

7. ಹನಿಯ ಗಾತ್ರ ಮತ್ತೆ ಉಬ್ಬೋದು

ಬ್ಲಾಕ್ ಲಿಕರಿನ ಹಾಗೆ ಉಬ್ಬೋ ಇಂಧನ ಕಡಿಮೆ. ಒಣಗುವಾಗ ಹನಿಯ ಅಡ್ಡಳತೆ ಸುಮಾರು ಒಂದೂವರೆ ಪಟ್ಟು ಆಗ್ತದೆ, ಪೈರೋಲಿಸಿಸ್ ಹೊತ್ತಿಗೆ ಒಣ ಘನಾಂಶದ ಒಂದು ಗ್ರಾಂ ಕೆಲವು ಹತ್ತು ಘನ ಸೆಂಟಿಮೀಟರ್ ಜಾಗ ತುಂಬ್ತದೆ. ಹೊರಗೆ ಬಂದ ಇದ್ದಿಲನ್ನ ಚಿಮುಟದಲ್ಲಿ ಎತ್ತಿದ್ರೆ ತೂಕವೇ ಇಲ್ಲ, ಒಳಗೆಲ್ಲ ಗುಳ್ಳೆ, ಗೋಡೆಗಳು ಹೊಳೀತಿರ್ತವೆ, ಬೆರಳಲ್ಲಿ ಸ್ವಲ್ಪ ಒತ್ತಿದ್ರೆ ಪುಡಿ. ಮೆತ್ತಗೆ ಅಂಟಾಗಿರೋ ಹಂತದಲ್ಲೇ ಒಳಗಿಂದ ಆವಿ ನುಗ್ಗಿದ್ರೆ ಉಬ್ತದೆ. ಫರ್ನೇಸ್ 500ರ ಆಸುಪಾಸಿದ್ರೆ ಜಾಸ್ತಿ ಉಬ್ಬೋದು, ತುಂಬಾ ಜಾಸ್ತಿ ಬಿಸಿಯಲ್ಲಿ ಹೊರಗಿನ ಚಿಪ್ಪು ಬೇಗ ಗಟ್ಟಿಯಾಗಿ ಕಡಿಮೆ ಉಬ್ತದೆ.

ಇದರಿಂದ ನಿಮಗೆ ಏನು? ಉಬ್ಬಿದ ಇದ್ದಿಲು ಬಿಸಿಯನ್ನ ಒಳಗೆ ಬಿಡೋದಿಲ್ಲ. ದೊಡ್ಡ ಹನಿಯ ಹೊರಗೆ 700 ಇರುವಾಗ ಒಳಗೆ ಇನ್ನೂ ನೀರು ಕುದೀತಾ ಇರಬಹುದು, ಅಂದ್ರೆ ಒಂದೇ ಹನಿಯಲ್ಲಿ ಜೋರು ಪೈರೋಲಿಸಿಸ್ಸೂ ನಿಧಾನ ಪೈರೋಲಿಸಿಸ್ಸೂ ಎರಡೂ ನಡೀತಾ ಇರ್ತದೆ. ಗಾತ್ರ ಬರೆಯದೆ "ಫಾಸ್ಟ್ ಪೈರೋಲಿಸಿಸ್" ಅಂತ ಹೆಸರು ಹಾಕೋದು ಸರಿಯಲ್ಲ. ಜರಡಿ ಹಿಡಿದು ಒಂದೇ ಗಾತ್ರದ ಪುಡಿ ತಗೊಳ್ಳಿ.

8. ಆವಿ ಬಿಸಿಯಲ್ಲಿ ಎಷ್ಟು ಹೊತ್ತು ಇರ್ತದೆ

ನೈಟ್ರೋಜನ್ ನಿಧಾನ ಹರಿಸಿದ್ರೆ ಟಾರ್ ಆವಿ ಬಿಸಿ ಜಾಗದಲ್ಲೇ ಸುತ್ತಿ ಮತ್ತೆ ಒಡೆದು ಗ್ಯಾಸ್ ಮತ್ತೆ ಮಸಿ ಆಗ್ತದೆ. ಜೋರಾಗಿ ಹರಿಸಿದ್ರೆ ಟಾರ್ ಉಳ್ಕೊಂಡು ಮುಂದಿನ ತಂಪು ಬಾಟ್ಲಿಯಲ್ಲಿ ಸಿಗ್ತದೆ. ಹಾಗಾಗಿ ಫ್ಲೋ ಎಷ್ಟು, ಟ್ಯೂಬಿನ ಒಳ ವ್ಯಾಸ ಎಷ್ಟು, ಬಿಸಿ ಭಾಗದ ಉದ್ದ ಎಷ್ಟು, ಮೂರನ್ನೂ ಬರೀರಿ. ನೈಟ್ರೋಜನ್ ಬದ್ಲು ಇಂಗಾಲದ ಡೈಆಕ್ಸೈಡ್ ಹರಿಸೋವ್ರು 700 ಹತ್ರ ಬಂದಾಗ ಇದ್ದಿಲನ್ನೇ ಅದು ತಿನ್ನೋಕೆ ಶುರು ಮಾಡ್ತದೆ ಅಂತ ತಿಳ್ಕೊಳ್ಳಿ, ಅದಕ್ಕೆ ಗ್ಯಾಸಿಫಿಕೇಶನ್ ಅಂತಾರೆ, ಅದು ಬೇರೆ ಪ್ರಯೋಗ.

9. ತಣಿಸೋದು, ತೆಗೆಯೋದು

ನೈಟ್ರೋಜನ್ನಿನಲ್ಲೇ 50 ಡಿಗ್ರಿ ಕೆಳಗೆ ಬರೋತನಕ ಕಾಯಿರಿ. ಊಟದ ಹೊತ್ತಾಯ್ತು ಅಂತ 200ಕ್ಕೆ ತೆಗೆದ್ರೆ ಇದ್ದಿಲು ಕೆಂಪಗೆ ಹತ್ಕೊಳ್ತದೆ, ಸಲ್ಫೈಡ್ ಗಾಳಿಯಲ್ಲಿ ಸಲ್ಫೇಟ್ ಆಗ್ತದೆ, ತೂಕ ಏರ್ತದೆ, ಇಡೀ ದಿನದ ಕೆಲಸ ಹೋಯ್ತು.

800ರ ಮೇಲೆ ಹೋಗಿದ್ರೆ ಟ್ಯೂಬಿನ ತಂಪು ತುದಿಯಲ್ಲಿ ಬೂದು ಬಣ್ಣದ ಹೊಳಪು ಕಾಣಬಹುದು, ಅದರಲ್ಲಿ ಲೋಹ ರೂಪದ ಸೋಡಿಯಂ ಇರಬಹುದು. ಅದಕ್ಕೆ ನೀರು ಹಾಕಿದ್ರೆ ಹೊತ್ತಿ ಉರೀತದೆ. ಲ್ಯಾಬಿನ ಹಿರಿಯರನ್ನ ಪಕ್ಕಕ್ಕೆ ನಿಲ್ಲಿಸ್ಕೊಂಡು, ಹುಡ್ಡಿನ ಒಳಗೆ, ಕನ್ನಡಕ ಹಾಕಿ, ಮೊದ್ಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನಿಧಾನಕ್ಕೆ ಕರಗಿಸಿ, ಗುಳ್ಳೆ ಪೂರ್ತಿ ನಿಂತ ಮೇಲೆ ನೀರು.

10. ಲೆಕ್ಕ

ಕೊನೆಯದಾಗಿ ಅತಿ ಸಾಮಾನ್ಯ ತಪ್ಪು. 600 ಡಿಗ್ರಿಗೆ ಶೇ. 60 ಉಳೀತು, "ಇದ್ದಿಲಿನ ಇಳುವರಿ 60" ಅಂತ ಬರೀತಾರೆ. ತಡೀರಿ. ಒಣ ಘನಾಂಶದಲ್ಲಿ ಸೋಡಿಯಂ ಶೇ. 20 ಅಂತ ಇಟ್ಕೊಳ್ಳಿ, ಕ್ರಾಫ್ಟ್ ಲಿಕರಿನಲ್ಲಿ ಅಷ್ಟಿರೋದು ಸಾಮಾನ್ಯ. 100 ಗ್ರಾಂ ಘನಾಂಶದಲ್ಲಿ 20 ಗ್ರಾಂ ಸೋಡಿಯಂ. ಅದೆಲ್ಲ ಕಾರ್ಬೊನೇಟ್ ಆದ್ರೆ 20ನ್ನ 106ರಿಂದ (ಸೋಡಿಯಂ ಕಾರ್ಬೊನೇಟಿನ ಅಣುತೂಕ) ಗುಣಿಸಿ 46ರಿಂದ (ಅದರಲ್ಲಿರೋ ಎರಡು ಸೋಡಿಯಂನ ತೂಕ) ಭಾಗಿಸಿ, 46 ಗ್ರಾಂ ಉಪ್ಪು! ಗಂಧಕ 4 ಗ್ರಾಂ ಇದ್ದು ಅದೆಲ್ಲ ಸಲ್ಫೈಡ್ ಆಗಿ ಉಳಿದ್ರೆ ಅದಕ್ಕೆ 5.75 ಗ್ರಾಂ ಸೋಡಿಯಂ ಹೋಗಿ 9.75 ಗ್ರಾಂ ಸಲ್ಫೈಡ್ ಆಗ್ತದೆ, ಉಳಿದ 14.25 ಗ್ರಾಂ ಸೋಡಿಯಂನಿಂದ ಸುಮಾರು 32.8 ಗ್ರಾಂ ಕಾರ್ಬೊನೇಟ್, ಒಟ್ಟು 42.6. ಅಂದ್ರೆ ನಿಮ್ಮ 60ರಲ್ಲಿ 42ರಿಂದ 46 ಗ್ರಾಂ ಬರೀ ಉಪ್ಪು, ನಿಜವಾದ ಇಂಗಾಲದ ಇದ್ದಿಲು ಹದಿನಾಲ್ಕರಿಂದ ಹದಿನೆಂಟು. ಕಾಯಿಸೋ ವೇಗದಿಂದ ಬದಲಾಗೋದು ಮುಖ್ಯವಾಗಿ ಆ ಸಣ್ಣ ಭಾಗ. 60 ಇದ್ದದ್ದು 56 ಆಯ್ತು ಅಂದ್ರೆ ಒಟ್ಟು ಲೆಕ್ಕದಲ್ಲಿ ಏನೂ ಅಲ್ಲ ಅನಿಸ್ತದೆ, ಇಂಗಾಲದ ಲೆಕ್ಕದಲ್ಲಿ ಕಾಲು ಭಾಗವೇ ಹೋಗಿರಬಹುದು. "ವೇಗದಿಂದ ದೊಡ್ಡ ಪರಿಣಾಮ ಇಲ್ಲ" ಅಂತ ತೀರ್ಮಾನ ಬರೆದವ್ರು ಹೆಚ್ಚಿನವ್ರು ಈ ಉಪ್ಪನ್ನ ಕಳೆಯದೇ ಇದ್ದವ್ರು.

ಕಳೆಯೋದು ಹೀಗೆ: ಇದ್ದಿಲನ್ನ ಕುದಿಸಿ ಆರಿಸಿದ, ಅಂದ್ರೆ ಗಾಳಿ ಹೋದ ನೀರಲ್ಲಿ ತೊಳೆದು ಸೋಸಿ, ಒಣಗಿಸಿ ತೂಕ ಮಾಡಿ. ತೊಳೆದ ನೀರಲ್ಲಿ ಕಾರ್ಬೊನೇಟ್, ಸಲ್ಫೈಡ್ ಬೇರೆ ಬೇರೆ ಅಳೀಬೇಕು, ಅಲ್ಲಿ ಆಸಿಡ್ ಟೈಟ್ರೇಶನ್ ಬರ್ತದೆ, ಅದು ಹುಡ್ಡಿನ ಒಳಗೇ, ಹೈಡ್ರೋಜನ್ ಸಲ್ಫೈಡ್ ಮತ್ತೆ ಏಳ್ತದೆ.

ಆಕ್ಟಿವೇಶನ್ ಎನರ್ಜಿ (ಕ್ರಿಯೆ ಶುರುವಾಗೋಕೆ ದಾಟಬೇಕಾದ ಶಕ್ತಿಯ ದಿಬ್ಬ) ತೆಗೆಯೋವ್ರು ಸಾಮಾನ್ಯವಾಗಿ 1957ರ ಕಿಸಿಂಜರ್ ವಿಧಾನ ಹಿಡೀತಾರೆ, ಶಿಖರದ ತಾಪವನ್ನ ಕೆಲ್ವಿನ್‌ನಲ್ಲೇ ಹಾಕಿ, ಸೆಲ್ಸಿಯಸ್ ಹಾಕಿ ಉಲ್ಟಾ ಬಂದವ್ರು ಇದಾರೆ. ಆದ್ರೆ ಬ್ಲಾಕ್ ಲಿಕರಿನಲ್ಲಿ ಒಂದೇ ಕ್ರಿಯೆ ಇಲ್ಲ, ಹತ್ತಾರು ಒಂದರ ಮೇಲೊಂದು ಬಿದ್ದಿವೆ, ಒಂದೇ ಅಂಕಿ ಕೊಟ್ರೆ ಅದಕ್ಕೆ ಅರ್ಥ ಕಡಿಮೆ. ಫ್ರೀಡ್ಮನ್ ಅಥವಾ ಫ್ಲಿನ್-ವಾಲ್-ಒಜಾವಾ ವಿಧಾನದಲ್ಲಿ ಶೇ. 10, 20, 30 ಒಡೆದಾಗ ಎಷ್ಟೆಷ್ಟು ಅಂತ ಹಂತ ಹಂತವಾಗಿ ಕೊಡಿ. ಲೆಕ್ಕವನ್ನ 105 ಡಿಗ್ರಿಗೆ ತೂಕ ನಿಂತ ಜಾಗದಿಂದ ಶುರು ಮಾಡಿ, 650ಕ್ಕೆ ನಿಲ್ಲಿಸಿ, ಕಾರ್ಬೊನೇಟಿನ ಭಾಗ ಇದರೊಳಗೆ ಬರಬಾರ್ದು.

ರಿಪೋರ್ಟಿನ ಪ್ರತಿ ಟೇಬಲ್ಲಿನ ಕೆಳಗೆ ಒಂದು ಸಾಲು ಇರ್ಲಿ: ಯಾವ ಲಿಕರ್, ಎಷ್ಟು ಘನಾಂಶ, ಎಷ್ಟು ಮಿಲಿಗ್ರಾಂ, ಯಾವ ಗಾತ್ರ, ಯಾವ ಗ್ಯಾಸ್ ಎಷ್ಟು ಫ್ಲೋ, ನಿಮಿಷಕ್ಕೆ ಎಷ್ಟು ಡಿಗ್ರಿ, ಎಲ್ಲಿತನಕ, ಎಷ್ಟು ಹೊತ್ತು ನಿಲ್ಲಿಸಿದ್ದು, ಉಪ್ಪು ಕಳೆದಿದ್ದಾ ಇಲ್ವಾ. ಒಂದು ಸಲಕ್ಕೆ ಇದರಲ್ಲಿ ಒಂದನ್ನೇ ಬದಲಿಸಿ, ಪ್ರತಿ ರನ್ನನ್ನೂ ಮೂರು ಸಲ ಮಾಡಿ. ಫೋನ್ ಮಾಡೋ ಮೊದ್ಲು ಈ ಸಾಲು ಬರ್ಕೊಂಡು ಕೈಯಲ್ಲಿ ಇಟ್ಕೊಳ್ಳಿ, ನಿಮ್ಮ ಗ್ರಾಫ್ ಯಾಕೆ ಹಾಗೆ ಬಂತು ಅಂತ ಹೇಳೋಕೆ ನಂಗೆ ಬೇಕಾಗೋದು ಅದೇ.